14 ಜನರ ಊರಿನ ಹಿಂದೆ ಹೋಗುವುದು ಹೇಗೆ: ಅಮೆರಿಕದ ಪುಟ್ಟ ಹಳ್ಳಿಯ ಚರಿತ್ರೆ, ಜನಸಂಖ್ಯೆ ಹುಡುಕುವ ದಾರಿ

ಕ್ಯಾನ್ಸಸ್ ರಾಜ್ಯದ ವಾಯವ್ಯ ಭಾಗದಲ್ಲಿ, 24ನೇ ನಂಬರ್ ಹೆದ್ದಾರಿ ಹಿಡಿದು ಸ್ಟಾಕ್ಟನ್‌ನಿಂದ ಹಿಲ್ ಸಿಟಿ ಕಡೆಗೆ ಹೋದರೆ ನಡುವೆ ನಿಕೋಡೀಮಸ್ ಅನ್ನುವ ಊರಿದೆ. ಸುತ್ತ ಗೋಧಿ, ಜೋಳದ ಹೊಲ. ಹೌದು, ನಮ್ಮ ಜೋಳವೇ, ಅಲ್ಲಿಯ ರೈತರು ಮೈಲೋ ಅನ್ನುತ್ತಾರೆ. ಸುಣ್ಣಕಲ್ಲಿನ ಒಂದು ಹಾಲ್, ಹಳೇ ಚರ್ಚುಗಳು, ಅಲ್ಲೊಂದು ಇಲ್ಲೊಂದು ಮನೆ. 2020ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ 14.

ಅಮೆರಿಕದ ಬಯಲು ಸೀಮೆಯಲ್ಲಿ ಇಂಥ ಪುಟ್ಟ ಊರುಗಳು ಲೆಕ್ಕವಿಲ್ಲದಷ್ಟಿವೆ. ಅಲ್ಲಿರುವ ನಮ್ಮವರು ಕಾರಿನಲ್ಲಿ ದಾಟಿ ಹೋಗುತ್ತಾರೆ, ಫೋನಿನಲ್ಲಿ ಊರಿನ ಹೆಸರು ಹಾಕಿ ನೋಡುತ್ತಾರೆ, ಜನಸಂಖ್ಯೆ ಇಷ್ಟು, ಸ್ಥಾಪನೆ ಇಂಥ ವರ್ಷ ಅಂತ ಎರಡು ಸಾಲು ಸಿಗುತ್ತದೆ, ಅಲ್ಲಿಗೆ ಮುಗಿಯಿತು. ನಾನೂ ಹಾಗೇ ಮಾಡುತ್ತಿದ್ದೆ. ಈ 14ರ ಹಿಂದೆ ಹೋದ ಮೇಲೆ ಹಾಗೆ ಮಾಡುವುದು ಬಿಟ್ಟೆ. 1877ರ ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಮುನ್ನೂರಕ್ಕೂ ಜಾಸ್ತಿ ಜನ ಇಲ್ಲಿಗೆ ಬಂದರು. ಹೆಚ್ಚಿನವರು ಹನ್ನೆರಡು ವರ್ಷದ ಹಿಂದಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದವರು. ರೈಲಿನಲ್ಲಿ ಎಲ್ಲಿಸ್ ಅನ್ನುವ ಊರಿನ ತನಕ ಬಂದು, ಅಲ್ಲಿಂದ ಉತ್ತರಕ್ಕೆ ಮೂವತ್ತು ಮೂವತ್ತೈದು ಮೈಲಿ ರಸ್ತೆಯೇ ಇಲ್ಲದ ಬಯಲಿನಲ್ಲಿ ನಡೆದು ತಲುಪಿದರು. ತಮ್ಮದೇ ನೆಲ, ತಮ್ಮದೇ ಊರು ಬೇಕು ಅಂತ ಬಂದವರು ಅವರು.

ನಿಮಗೆ ಗೊತ್ತಿರುವ ಯಾವುದೇ ಪುಟ್ಟ ಅಮೆರಿಕನ್ ಊರಿನ ಬಗ್ಗೆ ಹೀಗೆ ಹುಡುಕಬಹುದು. ಬಹುಪಾಲು ದಾಖಲೆ ಪುಕ್ಕಟೆ, ಮನೆಯಲ್ಲೇ ಕೂತು ನೋಡಬಹುದು. ನಾನು ನಿಕೋಡೀಮಸ್ ಇಟ್ಟುಕೊಂಡು ಹೇಳುತ್ತೇನೆ, ನೀವು ನಿಮ್ಮ ಊರಿಗೆ ಹೊಂದಿಸಿಕೊಳ್ಳಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಜನಸಂಖ್ಯೆ ಬೇರೆ, ಚರಿತ್ರೆ ಬೇರೆ ಅಂತ ಹುಡುಕಬೇಡಿ. ಸಂಖ್ಯೆ ಏರಿದ ಕಡೆ ಯಾರು ಬಂದರು ಅಂತ ಕೇಳಿ, ಇಳಿದ ಕಡೆ ಯಾಕೆ ಹೋದರು ಅಂತ ಕೇಳಿ. ಚರಿತ್ರೆ ತಾನಾಗೇ ಬಿಚ್ಚಿಕೊಳ್ಳುತ್ತದೆ.

ಮೊದಲು ಗಡಿ ಯಾವುದು ಅಂತ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಅಮೆರಿಕದಲ್ಲಿ "ಊರು" ಅನ್ನುವುದು ಒಂದೇ ಥರ ಇರುವುದಿಲ್ಲ. ಕೆಲವು ಊರಿಗೆ ಕಾನೂನಿನ ಪ್ರಕಾರ ಸ್ವಂತ ಪುರಸಭೆ, ಮೇಯರ್, ಗೆರೆ ಹಾಕಿದ ಗಡಿ ಇರುತ್ತದೆ. ಅಂಥ ಊರಿಗೆ ಹತ್ತು ವರ್ಷಕ್ಕೊಮ್ಮೆ ಸರಿಯಾದ ಎಣಿಕೆ ಸಿಗುತ್ತದೆ. ನಿಕೋಡೀಮಸ್‌ನಂಥ ಊರುಗಳಿಗೆ ಅದ್ಯಾವುದೂ ಇಲ್ಲ. ಜನ ಇದ್ದಾರೆ, ಹೆಸರಿದೆ, ಪುರಸಭೆ ಇಲ್ಲ. ಇಂಥ ಕಡೆ ಎಣಿಕೆಗೋಸ್ಕರ ಜನಗಣತಿ ಇಲಾಖೆಯೇ ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಅದರೊಳಗೆ ಇರುವವರನ್ನು ಎಣಿಸುತ್ತದೆ. ಗೆರೆಯ ಆಚೆ ಹೊಲದ ಮನೆಯಲ್ಲಿರುವವರು "ನಾವು ಆ ಊರಿನವರೇ" ಅಂದರೂ ಲೆಕ್ಕಕ್ಕೆ ಬರುವುದಿಲ್ಲ.

ಇದರ ಜೊತೆಗೆ ಟೌನ್‌ಶಿಪ್ ಅನ್ನುವ ಮಾತಿದೆ, ಅದಕ್ಕೆ ಎರಡು ಅರ್ಥ. ಒಂದು ಆಡಳಿತದ್ದು: ಕೌಂಟಿಯ (ರಾಜ್ಯದೊಳಗಿನ ಆಡಳಿತ ವಿಭಾಗ, ನಮ್ಮ ಜಿಲ್ಲೆಯ ಥರ) ಒಳಗಿನ ಒಂದು ತುಂಡು, ನಮ್ಮ ಹೋಬಳಿ ಇದ್ದ ಹಾಗೆ ಅಂದುಕೊಳ್ಳಿ. ನಿಕೋಡೀಮಸ್ ಇರುವ ಗ್ರಹಾಂ ಕೌಂಟಿಯಲ್ಲಿ ನಿಕೋಡೀಮಸ್ ಟೌನ್‌ಶಿಪ್ ಅಂತಲೇ ಒಂದಿದೆ. ಇನ್ನೊಂದು ಸರ್ವೆಯದ್ದು: ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ. ಅದರಲ್ಲಿ 36 ಸೆಕ್ಷನ್, ಒಂದೊಂದು ಸೆಕ್ಷನ್ 640 ಎಕರೆ. ಎರಡಕ್ಕೂ ಒಂದೇ ಹೆಸರು ಹೇಳುವುದರಿಂದ ಗೊಂದಲ ಜಾಸ್ತಿ. ಹಳೇ ಜನಗಣತಿ ಪುಸ್ತಕಗಳಲ್ಲಿ ಪುರಸಭೆ ಇಲ್ಲದ ಊರಿಗೆ ಬೇರೆ ಸಂಖ್ಯೆ ಇರುವುದಿಲ್ಲ, ಟೌನ್‌ಶಿಪ್ಪಿನ ಸಂಖ್ಯೆ ಮಾತ್ರ ಇರುತ್ತದೆ. ನಾನು ಶುರುವಿನಲ್ಲಿ ಒಂದು ವರ್ಷದ ಟೌನ್‌ಶಿಪ್ ಸಂಖ್ಯೆಯನ್ನು ಇನ್ನೊಂದು ವರ್ಷದ ಊರಿನ ಸಂಖ್ಯೆಯ ಪಕ್ಕ ಇಟ್ಟು, ಹತ್ತೇ ವರ್ಷದಲ್ಲಿ ಊರು ಖಾಲಿಯಾಯಿತು ಅಂತ ಬರೆದುಕೊಂಡಿದ್ದೆ. ಅದನ್ನು ಪೂರ್ತಿ ಹರಿದು ಹಾಕಿ ಮತ್ತೆ ಬರೆಯಬೇಕಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಯಾವ ಗಡಿಯದ್ದು ಅಂತ ಬರೆದಿಡಿ. ಊರಿನದ್ದಾ, ಟೌನ್‌ಶಿಪ್ಪಿನದ್ದಾ, ಕೌಂಟಿಯದ್ದಾ.

ಗಡಿಯ ತೊಂದರೆ ಕಡಿಮೆ ಇರುವುದು ಕೌಂಟಿಯ ಸಂಖ್ಯೆಯಲ್ಲಿ. ಗ್ರಹಾಂ ಕೌಂಟಿಯಲ್ಲಿ 1910ರಲ್ಲಿ 8,700 ಜನ ಇದ್ದರು. 2020ರಲ್ಲಿ 2,415. ಇದು ಕೈಯಲ್ಲಿದ್ದರೆ ನಿಕೋಡೀಮಸ್ ಕಥೆಯನ್ನು ತಪ್ಪಾಗಿ ಓದುವುದಿಲ್ಲ. ಬರೀ ಆ ಒಂದು ಊರು ಸೋತದ್ದಲ್ಲ, ಸುತ್ತಲಿನ ಸೀಮೆಯೇ ಖಾಲಿಯಾಗಿದೆ. ಟ್ರ್ಯಾಕ್ಟರ್, ಕಂಬೈನ್ ಬಂದು ಹತ್ತು ಮನೆಯ ಹೊಲವನ್ನು ಒಂದೇ ಮನೆಯವರು ಉಳುವ ಹಾಗಾಯಿತು. 1930ರ ದಶಕದ ಬರ, ಧೂಳಿನ ಬಿರುಗಾಳಿ ಇನ್ನಷ್ಟು ಜನರನ್ನು ಎಬ್ಬಿಸಿತು. ಕಪ್ಪು ಜನರ ಊರು, ಬಿಳಿಯರ ಊರು ಎರಡಕ್ಕೂ ಈ ಏಟು ಬಿದ್ದಿದೆ. ನಿಕೋಡೀಮಸ್‌ಗೆ ಅದಕ್ಕೂ ಮೊದಲೇ ಇನ್ನೊಂದು ಏಟು ಬಿದ್ದಿತ್ತು, ಅದನ್ನು ರೈಲಿನ ವಿಷಯ ಬಂದಾಗ ಹೇಳುತ್ತೇನೆ.

ಜನಗಣತಿಯ ಹಾಳೆಯನ್ನೇ ತೆರೆದು ನೋಡಿ

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಜನಗಣತಿ ನಡೆದಿದೆ. ಒಟ್ಟು ಸಂಖ್ಯೆ ಬೇಗ ಸಿಗುತ್ತದೆ. ಆದರೆ ಮನೆಮನೆಯ ಹೆಸರಿರುವ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತಾರೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ಹೊರಬಂದವು. 1960ರದ್ದು ಬೇಕಾದರೆ 2032ರ ತನಕ ಕಾಯಬೇಕು. 1950ರ ಹಾಳೆ ಸರ್ಕಾರಿ ದಾಖಲೆ ಕಾಯ್ದಿಡುವ ನ್ಯಾಷನಲ್ ಆರ್ಕೈವ್ಸ್ ವೆಬ್‌ಸೈಟಿನಲ್ಲೇ ಪುಕ್ಕಟೆ ಇದೆ. ಹಳೆಯವಕ್ಕೆ ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟ್ ಸಾಕು, ಒಂದು ಖಾತೆ ತೆರೆದರೆ ಆಯಿತು, ದುಡ್ಡು ಕೇಳುವುದಿಲ್ಲ.

ಹೆಸರು ಹಾಕಿ ಹುಡುಕಬೇಡಿ, ಜಾಗ ಹಿಡಿದು ಹುಡುಕಿ. ರಾಜ್ಯ, ಕೌಂಟಿ, ಆಮೇಲೆ ಟೌನ್‌ಶಿಪ್ ಆರಿಸಿ. ನಿಮ್ಮ ಊರಿನ ಹಾಳೆಗಳು ಸಿಕ್ಕಿದ ಮೇಲೆ ಒಂದೊಂದೇ ಪುಟ ತಿರುವಿ. ಗಣತಿದಾರ ಮನೆಯಿಂದ ಮನೆಗೆ ಹೋಗಿ ಬರೆದದ್ದರಿಂದ ಹಾಳೆಯಲ್ಲಿ ಅಕ್ಕಪಕ್ಕ ಇರುವವರು ಸಾಮಾನ್ಯವಾಗಿ ಊರಿನಲ್ಲೂ ಅಕ್ಕಪಕ್ಕದವರೇ. ಸಣ್ಣ ಊರಾದರೆ ಒಂದು ಸಂಜೆ ಸಾಕು, ಊರು ಪೂರ್ತಿ ಓದಿಬಿಡಬಹುದು.

1880ರ ಹಾಳೆ ಹೇಗಿರುತ್ತದೆ ಹೇಳುತ್ತೇನೆ. ಎಡಕ್ಕೆ ಮನೆಯ ನಂಬರ್, ಕುಟುಂಬದ ನಂಬರ್. ಆಮೇಲೆ ಹೆಸರು, ಮೈಬಣ್ಣಕ್ಕೆ ಒಂದೇ ಅಕ್ಷರ, ಲಿಂಗ, ವಯಸ್ಸು, ಮನೆಯ ಯಜಮಾನನಿಗೆ ಏನಾಗಬೇಕು, ಕೆಲಸ ಏನು. ಮುಂದೆ ಓದಲು ಬರುವುದಿಲ್ಲ, ಬರೆಯಲು ಬರುವುದಿಲ್ಲ ಅನ್ನುವ ಎರಡು ಕಾಲಂ, ಬರದವರಿಗೆ ಒಂದು ಗೀಟು. ಕೊನೆಗೆ ಹುಟ್ಟಿದ ರಾಜ್ಯ, ಅಪ್ಪ ಹುಟ್ಟಿದ್ದು, ಅಮ್ಮ ಹುಟ್ಟಿದ್ದು. ಈ ಬಲಗಡೆಯ ಮೂರು ಕಾಲಂ ಮೇಲೆ ಬೆರಳಿಟ್ಟು ಕೆಳಕ್ಕೆ ಬನ್ನಿ. ನಿಕೋಡೀಮಸ್ ಕಡೆಯ ಹಾಳೆಯಲ್ಲಿ ದೊಡ್ಡವರ ಮುಂದೆ ಕೆಂಟಕಿ, ಕೆಂಟಕಿ, ಕೆಂಟಕಿ ಅಂತ ಇಳಿಯುತ್ತದೆ. ಮಧ್ಯೆ ಒಂದು ಕಡೆ ಒಂದೆರಡು ವರ್ಷದ ಕೂಸು, ಅದರ ಮುಂದೆ ಕ್ಯಾನ್ಸಸ್. ಆ ಕೂಸು ಬಿಡುಗಡೆಯ ನೆಲದಲ್ಲಿ ಹುಟ್ಟಿದ್ದು. ನನಗೆ ಇಂಥ ಸಾಲು ಸಿಕ್ಕಿದಾಗ ಆ ಪುಟ ಬಿಟ್ಟು ಮುಂದಕ್ಕೆ ಹೋಗಲು ಮನಸ್ಸೇ ಬರಲಿಲ್ಲ.

1880 ಆದ ಮೇಲೆ 1890ಕ್ಕೆ ಹೋಗೋಣ ಅಂದರೆ ದಾರಿ ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಬೆಂಕಿ ಬಿತ್ತು. ಒಂದಿಷ್ಟು ಹಾಳೆ ಸುಟ್ಟವು, ಆರಿಸಲು ಹಾಕಿದ ನೀರಿಗೆ ಇನ್ನಷ್ಟು ಹಾಳಾದವು, ಉಳಿದದ್ದನ್ನು 1930ರ ದಶಕದಲ್ಲಿ ಸರ್ಕಾರವೇ ನಾಶ ಮಾಡಿತು. ಬಯಲು ಸೀಮೆಯ ಎಷ್ಟೋ ಊರು ಹುಟ್ಟಿ ಬೆಳೆದ ಕಾಲವೇ ಅದು. ಇಪ್ಪತ್ತು ವರ್ಷ ಕತ್ತಲು.

ಆದರೆ ಕೈಚೆಲ್ಲಬೇಡಿ. ಕೆಲವು ರಾಜ್ಯಗಳು ತಮ್ಮದೇ ಗಣತಿ ಮಾಡುತ್ತಿದ್ದವು. ಕ್ಯಾನ್ಸಸ್ ಅಂತೂ 1855ರಲ್ಲಿ ಶುರುಮಾಡಿ, 1865ರಿಂದ 1925ರ ತನಕ ಐದರಲ್ಲಿ ಕೊನೆಯಾಗುವ ವರ್ಷಗಳಲ್ಲಿ ಎಣಿಸಿದೆ. ಹಾಗಾಗಿ 1885, 1895ರ ಪುಸ್ತಕ ತೆಗೆದರೆ ಆ ಕತ್ತಲಲ್ಲಿ ಎರಡು ದೀಪ ಹಚ್ಚಿದ ಹಾಗೆ. 1885ರ ಕ್ಯಾನ್ಸಸ್ ಗಣತಿಯಲ್ಲಿ ಕೇಂದ್ರದ ಗಣತಿಯಲ್ಲಿ ಇಲ್ಲದ ಒಂದು ಪ್ರಶ್ನೆಯೂ ಇದೆ: ಕ್ಯಾನ್ಸಸ್‌ಗೆ ಎಲ್ಲಿಂದ ಬಂದಿರಿ? ಹುಟ್ಟಿದ್ದು ಒಂದು ಕಡೆ, ಬಂದದ್ದು ಇನ್ನೊಂದು ಕಡೆಯಿಂದ ಇರಬಹುದು ಅಲ್ವಾ? ಆ ಒಂದು ಕಾಲಂನಿಂದ ಒಂದು ಕುಟುಂಬ ನಡೆದ ದಾರಿಯೇ ಗೊತ್ತಾಗುತ್ತದೆ. ನಿಮ್ಮ ಊರು ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಯ ರಾಜ್ಯ ಗಣತಿ ಯಾವ ವರ್ಷಗಳಲ್ಲಿ ನಡೆದಿದೆ ಅಂತ ಮೊದಲು ನೋಡಿಕೊಳ್ಳಿ.

ಹಿಂದಕ್ಕೆ ಹೋಗಲೂ ಒಂದು ಗೋಡೆ ಇದೆ. ನಿಕೋಡೀಮಸ್‌ಗೆ ಬಂದವರನ್ನು ಕೆಂಟಕಿಯ 1870ರ ಗಣತಿಯಲ್ಲಿ ಹೆಸರು ಹಿಡಿದು ಹುಡುಕಬಹುದು. ಅದಕ್ಕಿಂತ ಹಿಂದೆ, 1850 ಮತ್ತು 1860ರಲ್ಲಿ, ಗುಲಾಮರಿಗೆ ಬೇರೆಯೇ ಪಟ್ಟಿ. ಅದರಲ್ಲಿ ಮಾಲೀಕನ ಹೆಸರಿದೆ. ಅವನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. 30, ಹೆಂಗಸು. 8, ಗಂಡು. ಹೆಸರಿಲ್ಲ. ಈ ಪಟ್ಟಿ ನೋಡಿದ ಮೇಲೆ 1880ರ ಹಾಳೆಯಲ್ಲಿ ಅದೇ ಜನ ಪೂರ್ತಿ ಹೆಸರಿನ ಜೊತೆ, ಕುಟುಂಬದ ಯಜಮಾನರಾಗಿ ನಿಂತಿರುವುದನ್ನು ನೋಡಿ. ಎರಡನ್ನೂ ಒಂದೇ ದಿನ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈಗಿನ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ

ಹೊಸ ಸಂಖ್ಯೆಗಳು ಜನಗಣತಿ ಇಲಾಖೆಯ ಡೇಟಾ ಡಾಟ್ ಸೆನ್ಸಸ್ ಡಾಟ್ ಗವ್‌ನಲ್ಲಿ ಸಿಗುತ್ತವೆ. ಆದರೆ ಊರು ಸಣ್ಣದಾದಷ್ಟೂ ಹುಷಾರಾಗಿರಬೇಕು. ನೆಬ್ರಾಸ್ಕದ ಮೊನೋವೈ ಇದಕ್ಕೆ ಒಳ್ಳೇ ಉದಾಹರಣೆ. 2000ರಲ್ಲಿ ಅಲ್ಲಿದ್ದವರು ಇಬ್ಬರು, ಗಂಡ ಹೆಂಡತಿ. 2004ರಲ್ಲಿ ಗಂಡ ತೀರಿಕೊಂಡರು. 2010ರಲ್ಲಿ ಜನಸಂಖ್ಯೆ 1. ಆ ಅಜ್ಜಿಯೇ ಮೇಯರ್, ಅವರೇ ಗುಮಾಸ್ತೆ, ಊರಿನ ಒಂದೇ ಬಾರ್, ಗಂಡನ ಹೆಸರಿನ ಲೈಬ್ರರಿ ನಡೆಸುವವರೂ ಅವರೇ. 2020ರ ಗಣತಿಯಲ್ಲಿ ನೋಡಿದರೆ 2 ಅಂತ ಬಂತು! ಯಾರೂ ಬಂದಿರಲಿಲ್ಲ. ಒಬ್ಬೊಬ್ಬರ ಮಾಹಿತಿ ಹೊರಗೆ ಗೊತ್ತಾಗಬಾರದು ಅಂತ ಜನಗಣತಿ ಇಲಾಖೆ 2020ರಲ್ಲಿ ಸಣ್ಣ ಜಾಗಗಳ ಸಂಖ್ಯೆಯನ್ನು ಬೇಕೆಂದೇ ಸ್ವಲ್ಪ ಆಚೀಚೆ ಮಾಡಿದೆ. ರಾಜ್ಯದ ಒಟ್ಟು ಸಂಖ್ಯೆಯನ್ನು ಮುಟ್ಟಿಲ್ಲ. ಆದರೆ ಪುಟ್ಟ ಊರಿನಲ್ಲಿ ಒಂದು ಎರಡಾಗಬಹುದು.

ಹಾಗಾಗಿ ನಿಕೋಡೀಮಸ್‌ನ 14 ಅನ್ನುವುದನ್ನೂ "ಹದಿನಾಲ್ಕರ ಆಸುಪಾಸು" ಅಂತಲೇ ಓದಿ. ಗಣತಿಯ ನಡುವಿನ ವರ್ಷಗಳಿಗೆ ಅಮೆರಿಕನ್ ಕಮ್ಯುನಿಟಿ ಸರ್ವೆ ಅಂತ ಇನ್ನೊಂದಿದೆ, ಅದು ಕೆಲವೇ ಮನೆಗಳನ್ನು ಕೇಳಿ ಮಾಡುವ ಅಂದಾಜು. ದೊಡ್ಡ ಊರಿಗೆ ಸರಿ. ಇಷ್ಟು ಸಣ್ಣ ಊರಿಗೆ ಅದನ್ನು ಬಳಸಲೇಬೇಡಿ.

ಆಮೇಲೆ ರೈಲು, ಪೋಸ್ಟ್ ಆಫೀಸು

ಸಂಖ್ಯೆಗಳನ್ನು ಜೋಡಿಸಿಕೊಂಡ ಮೇಲೆ ಎಲ್ಲಿ ಜಾರಿತು ಅಂತ ನೋಡಿ, ಆ ಜಾಗಕ್ಕೆ ಕಾರಣ ಹುಡುಕಿ. ಬಯಲು ಸೀಮೆಯ ಊರಾದರೆ ನಾನು ಮೊದಲು ನೋಡುವುದು ಪೋಸ್ಟ್ ಆಫೀಸು ಯಾವಾಗ ಶುರುವಾಯಿತು, ರೈಲು ಯಾವಾಗ ಬಂತು ಅಥವಾ ಬರಲಿಲ್ಲ, ಶಾಲೆ ಯಾವಾಗ ಮುಚ್ಚಿತು, ಪೋಸ್ಟ್ ಆಫೀಸು ಯಾವಾಗ ಮುಚ್ಚಿತು ಅಂತ. ಪೋಸ್ಟ್ ಆಫೀಸಿನ ತಾರೀಖು, ಪೋಸ್ಟ್‌ಮಾಸ್ಟರ್‌ಗಳ ಹೆಸರು ಅಮೆರಿಕದ ಅಂಚೆ ಇಲಾಖೆಯ ಪೋಸ್ಟ್‌ಮಾಸ್ಟರ್ ಫೈಂಡರ್‌ನಲ್ಲಿ ಬಹಳಷ್ಟು ಸಿಗುತ್ತವೆ. ನಿಕೋಡೀಮಸ್‌ನದು 1877ರಲ್ಲೇ ಶುರುವಾಗಿ 1953ರಲ್ಲಿ ಮುಚ್ಚಿತು.

ರೈಲಿನ ಕಥೆ ಸಂಕಟ ತರುವಂಥದ್ದು. 1880ರ ದಶಕದ ಮಧ್ಯದ ಹೊತ್ತಿಗೆ ಊರು ನಿಂತಿತ್ತು. ಅಂಗಡಿ, ಹೋಟೆಲು, ಚರ್ಚು, ಶಾಲೆ, ಎರಡು ಪತ್ರಿಕೆ. 1878ರಲ್ಲಿ ಇಲ್ಲಿಗೆ ಬಂದಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್ ರಾಜ್ಯದ ಆಡಿಟರ್ ಆಗಿ ಚುನಾವಣೆ ಗೆದ್ದಿದ್ದರು. ಆ ರಾಜ್ಯದಲ್ಲಿ ಇಡೀ ರಾಜ್ಯಮಟ್ಟದ ಹುದ್ದೆಗೆ ಗೆದ್ದ ಮೊದಲ ಕಪ್ಪು ಮನುಷ್ಯ ಅವರು. ಇನ್ನು ಬೇಕಾಗಿದ್ದು ರೈಲು ಮಾತ್ರ. ಬೆಳೆದ ಗೋಧಿಯನ್ನು ಮಾರುಕಟ್ಟೆಗೆ ಸಾಗಿಸಲು, ಅಂಗಡಿಗೆ ಸಾಮಾನು ತರಿಸಲು ಅದಿಲ್ಲದೆ ಆಗುತ್ತಿರಲಿಲ್ಲ. ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆಸಲು 1887ರಲ್ಲಿ ಊರಿನವರು 16,000 ಡಾಲರ್ ಬಾಂಡಿಗೆ, ಅಂದರೆ ಸಾಲಪತ್ರದ ಮೇಲೆ ದುಡ್ಡು ಎತ್ತಲು, ಮತ ಹಾಕಿದರು. ಅದು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಸಾಲಮನ್ ನದಿಯ ದಕ್ಷಿಣ ದಂಡೆಯಲ್ಲಿ, ಊರಿನಿಂದ ಕೆಲವೇ ಮೈಲಿ ದೂರ. ಅಲ್ಲಿ ರೈಲಿನವರ ಕ್ಯಾಂಪ್ ಇದ್ದ ಜಾಗದಲ್ಲಿ ಬೋಗ್ ಅಂತ ಹೊಸ ಊರು ಎದ್ದಿತು. ನಿಕೋಡೀಮಸ್‌ನ ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದರು.

ನೀವು ಹುಡುಕುವ ಊರಿಗೂ ಹಳೇ ನಕ್ಷೆ ತೆಗೆದು ಹಳಿ ಎಲ್ಲಿ ಹೋಗಿದೆ ಅಂತ ನೋಡಲೇಬೇಕು. ಅಮೆರಿಕದ ಭೂಗರ್ಭ ಸರ್ವೆ ಇಲಾಖೆಯ ಟೋಪೋವ್ಯೂ ಅನ್ನುವ ಸೈಟಿನಲ್ಲಿ ಹಳೇ ನಕ್ಷೆಗಳನ್ನು ವರ್ಷವಾರು ಇಳಿಸಿಕೊಳ್ಳಬಹುದು. ಒಂದೇ ಜಾಗದ ಎರಡು ಮೂರು ವರ್ಷದ ನಕ್ಷೆ ಪಕ್ಕಪಕ್ಕ ಇಟ್ಟುಕೊಂಡರೆ ಮನೆಯ ಕಪ್ಪು ಚುಕ್ಕಿಗಳು ಕಡಿಮೆಯಾಗುವುದು, ಶಾಲೆಯ ಗುರುತು ಮಾಯವಾಗುವುದು ಕಣ್ಣಿಗೆ ಕಾಣುತ್ತದೆ. ಸ್ವಲ್ಪ ದೊಡ್ಡ ಊರಾದರೆ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಗೋಸ್ಕರ ಮಾಡಿದ ನಕ್ಷೆಯೂ ಇರಬಹುದು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿನಲ್ಲಿ ಸಾವಿರಾರು ಊರಿನದು ಇದೆ.

ಪತ್ರಿಕೆಗಳು

ಅಷ್ಟು ಸಣ್ಣ ಊರಿಗೆ ಪತ್ರಿಕೆಯಾ ಅನ್ನಬೇಡಿ. ನಿಕೋಡೀಮಸ್‌ನಲ್ಲಿ 1886ರಲ್ಲಿ ವೆಸ್ಟರ್ನ್ ಸೈಕ್ಲೋನ್, 1887ರಲ್ಲಿ ನಿಕೋಡೀಮಸ್ ಎಂಟರ್‌ಪ್ರೈಸ್ ಶುರುವಾದವು. ಹಳೇ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಪುಕ್ಕಟೆ ಸಿಗುತ್ತದೆ. ಕ್ಯಾನ್ಸಸ್ ಊರಾದರೆ ಟೊಪೀಕದ ರಾಜ್ಯ ಇತಿಹಾಸ ಸಂಸ್ಥೆಯನ್ನು ಮರೆಯಬೇಡಿ. 1875ರಲ್ಲಿ ಅದನ್ನು ಕಟ್ಟಿದವರೇ ಪತ್ರಿಕೆಯ ಸಂಪಾದಕರು. ಹಾಗಾಗಿ ಅಲ್ಲಿ ಇರುವಷ್ಟು ಹಳೇ ಪತ್ರಿಕೆ ಬೇರೆ ಎಷ್ಟೋ ರಾಜ್ಯದಲ್ಲಿಲ್ಲ.

ಓದುವಾಗ ಒಂದು ಎಚ್ಚರ. ಆ ಕಾಲದ ಊರ ಪತ್ರಿಕೆಗಳ ದೊಡ್ಡ ಕೆಲಸ ಊರನ್ನು ಹೊಗಳಿ ಜನರನ್ನು ಕರೆಸುವುದು. ಇಲ್ಲಿಯ ಮಣ್ಣು ಚಿನ್ನ, ರೈಲು ಇನ್ನೇನು ಬಂದೇಬಿಟ್ಟಿತು ಅಂತ ಬರೆದಿರುತ್ತಾರೆ. ಮೊದಲ ಪುಟ ಬಿಟ್ಟು ಒಳಗಿನ ಊರಸುದ್ದಿಯ ಕಾಲಂ ಓದಿ. ಯಾರ ಮನೆಗೆ ಯಾರು ಬಂದರು, ಯಾರ ಎತ್ತು ಸತ್ತಿತು, ಯಾರು ಬಾವಿ ತೋಡಿಸಿದರು ಅನ್ನುವ ಸಾಲುಗಳಲ್ಲಿ ಊರು ನಿಜವಾಗಿ ಸಿಗುತ್ತದೆ. ಹುಡುಕುವ ಪದ ಕೂಡ ಆ ಕಾಲದ್ದೇ ಇರಬೇಕು. ಆಗ ಕಪ್ಪು ಜನರಿಗೆ "ಕಲರ್ಡ್" ಅಂತ ಬರೆಯುತ್ತಿದ್ದರು, ಇವತ್ತಿನ ಪದ ಹಾಕಿದರೆ ಏನೂ ಸಿಗುವುದಿಲ್ಲ. ಪಕ್ಕದ ಊರಿನ ಪತ್ರಿಕೆಯನ್ನೂ ತಪ್ಪದೆ ನೋಡಿ. ನಮ್ಮೂರಿನ ಬಗ್ಗೆ ಪಕ್ಕದೂರಿನವರು ಹೇಳುವ ಮಾತು ಬೇರೆಯೇ ಇರುತ್ತದೆ, ಅಲ್ವಾ?

ನೆಲದ ಕಾಗದ

1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸಣ್ಣ ಶುಲ್ಕ ಕಟ್ಟಿ 160 ಎಕರೆ ತನಕ ಸರ್ಕಾರಿ ಜಮೀನು ಹಿಡಿಯಬಹುದಿತ್ತು. ಐದು ವರ್ಷ ಅಲ್ಲೇ ಮನೆ ಕಟ್ಟಿ ಉಳುಮೆ ಮಾಡಿದರೆ ಜಮೀನು ನಿಮ್ಮದು. 160 ಎಕರೆ ಅಂದರೆ ಮೇಲೆ ಹೇಳಿದ ಸೆಕ್ಷನ್ನಿನ ಕಾಲು ಭಾಗ. ಈ ಹಕ್ಕುಪತ್ರಗಳೆಲ್ಲ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ಸೈಟಿನಲ್ಲಿ ಇವೆ, ರಾಜ್ಯ, ಕೌಂಟಿ ಹಾಕಿದರೆ ಪಟ್ಟಿಯೇ ಬರುತ್ತದೆ. ಅದರ ಹಿಂದಿನ ಕಡತ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇರುತ್ತದೆ, ಪ್ರತಿಗೆ ದುಡ್ಡು ಕೊಡಬೇಕು. ಆದರೂ ಒಂದನ್ನಾದರೂ ತರಿಸಿ. ಮನೆ ಎಷ್ಟು ಉದ್ದ ಅಗಲ, ಎಷ್ಟು ಎಕರೆ ಉತ್ತಿದ್ದಾರೆ, ಬಾವಿ ಇದೆಯಾ, ಪಕ್ಕದ ಹೊಲದವರು ಏನು ಸಾಕ್ಷಿ ಹೇಳಿದರು, ಎಲ್ಲ ಅದರಲ್ಲಿ ಬರೆದಿರುತ್ತದೆ.

ಆಮೇಲಿನ ಕ್ರಯವಿಕ್ರಯ ಕೌಂಟಿಯ ಕಚೇರಿಯಲ್ಲಿ ನೋಂದಣಿಯಾಗಿರುತ್ತದೆ. ನಾನು ಒಂದು ಕೌಂಟಿ ಕಚೇರಿಗೆ ಬರೀ ಹೆಸರು, ಊರು ಬರೆದು ಕಳಿಸಿದ್ದೆ. ಹೀಗಾದರೆ ಹುಡುಕಲು ಆಗುವುದಿಲ್ಲ ಅಂತ ವಾಪಸ್ ಬರೆದರು. ಅಲ್ಲಿ ಸೆಕ್ಷನ್, ಟೌನ್‌ಶಿಪ್, ರೇಂಜ್ (ಸರ್ವೆಯ ಚೌಕ ಪೂರ್ವ ಪಶ್ಚಿಮವಾಗಿ ಎಷ್ಟನೆಯದು ಅನ್ನುವ ನಂಬರ್) ಮೂರೂ ಹೇಳಬೇಕು, ನಾವಿಲ್ಲಿ ಸರ್ವೆ ನಂಬರ್ ಇಲ್ಲದೆ ಪಹಣಿ ಕೇಳಿದರೆ ಹೇಗೋ ಹಾಗೆ. ಈ ಮೂರೂ ಹಕ್ಕುಪತ್ರದಲ್ಲೇ ಇರುತ್ತವೆ. ಅದಕ್ಕೇ ಹಕ್ಕುಪತ್ರ ಮೊದಲು, ಕಚೇರಿಗೆ ಪತ್ರ ಆಮೇಲೆ.

ಜನ ಹೇಳಿಕೊಂಡು ಬಂದ ಕಥೆ

ದಾಖಲೆಯಲ್ಲಿ ಸಿಗದೇ ಇರುವುದು ಇಲ್ಲಿ ಸಿಗುತ್ತದೆ. 1878ರ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಷ್ಟೋ ವರ್ಷ ಆದ ಮೇಲೆ ಹೇಳಿದ ಮಾತು ಉಳಿದುಬಂದಿದೆ. ಎಲ್ಲಿಸ್‌ನಲ್ಲಿ ಇಳಿದಾಗ ಮಕ್ಕಳಿಗೆ ದಡಾರ, ಕೆಲವು ಮಕ್ಕಳು ಅಲ್ಲೇ ತೀರಿಕೊಂಡವು. ಅಲ್ಲಿಂದ ದಿಕ್ಸೂಚಿ ನೋಡಿಕೊಂಡು ಎರಡು ದಿನದ ಪ್ರಯಾಣ. ರಾತ್ರಿ ಕಾಡುಪ್ರಾಣಿ ಬರದಿರಲಿ ಅಂತ ಗಂಡಸರು ಬೆಂಕಿ ಹಾಕಿ ಬಂದೂಕು ಹಾರಿಸುತ್ತಿದ್ದರು. ಎರಡನೇ ದಿನ ಮಧ್ಯಾಹ್ನ ಜೊತೆಯವರು ಅಗೋ ನಿಕೋಡೀಮಸ್ ಅಂತ ಕೂಗಿದರು. ಕಾಯಿಲೆಯಲ್ಲಿದ್ದ ಆಕೆ ಆಸೆಯಿಂದ ನೋಡಿದರು, ಊರೇ ಕಾಣಲಿಲ್ಲ. ಎಲ್ಲಿ ಅಂತ ಕೇಳಿದರೆ ಗಂಡ ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿ, ಅದೇ ನಿಕೋಡೀಮಸ್ ಅಂದರು. ಜನ ನೆಲ ಕೊರೆದು ಮಾಡಿದ ಗುಂಡಿಮನೆಗಳಲ್ಲಿ ಇದ್ದರು. ಮರ ಇಲ್ಲದ ಬಯಲಲ್ಲಿ ಇನ್ನೇನು ಕಟ್ಟುವುದು? ಆಕೆ ಅಳಲು ಶುರುಮಾಡಿದರಂತೆ.

1880ರ ಗಣತಿಯ ಯಾವ ಕಾಲಂನಲ್ಲೂ ಆ ಹೊಗೆ ಇಲ್ಲ. ಹಾಗಂತ ಕೇಳಿದ್ದನ್ನೆಲ್ಲ ಹಾಗೇ ಬರೆದುಕೊಳ್ಳುವುದೂ ಸರಿಯಲ್ಲ. ಊರಿಗೆ ನಿಕೋಡೀಮಸ್ ಅನ್ನುವ ಹೆಸರು ಬೈಬಲ್ಲಿನ ನಿಕೋಡೀಮಸ್‌ನಿಂದ ಬಂತು ಅನ್ನುವವರಿದ್ದಾರೆ, ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ ಒಬ್ಬ ಗುಲಾಮನ ದಂತಕಥೆಯಿಂದ ಬಂತು ಅನ್ನುವವರೂ ಇದ್ದಾರೆ. ನಾನು ಎರಡನ್ನೂ ಬರೆದಿಡುತ್ತೇನೆ, ಯಾವುದು ಯಾರು ಹೇಳಿದ್ದು ಅನ್ನುವುದರ ಜೊತೆ. ಮೊದಲ ಚಳಿಗಾಲದಲ್ಲಿ ಊಟಕ್ಕಿಲ್ಲದಾಗ ಬೇಟೆ ಮುಗಿಸಿ ಹೊರಟಿದ್ದ ಓಸೇಜ್ ಬುಡಕಟ್ಟಿನವರು ಮಾಂಸ ಕೊಟ್ಟು ಉಳಿಸಿದರು ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ. ಅದೂ ಹಾಗೇ, ಊರಿನವರ ಮಾತು ಅಂತಲೇ ಬರೆದುಕೊಳ್ಳಿ.

ಕಟ್ಟಡಗಳಿಗೂ ದಾಖಲೆ ಇದೆ. ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೆಯವರು 1983ರಲ್ಲಿ ಇಲ್ಲಿಯ ಮನೆ, ಚರ್ಚುಗಳನ್ನು ಅಳೆದು ನಕ್ಷೆ, ಫೋಟೋ ಮಾಡಿಟ್ಟಿದ್ದಾರೆ. ಊರು 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಶುರುವಿನಲ್ಲಿ ಹೇಳಿದ ಸುಣ್ಣಕಲ್ಲಿನ ಹಾಲ್ 1939ರದ್ದು, ಊರಿನ ಟೌನ್‌ಶಿಪ್ ಹಾಲ್. ಅದರ ಜೊತೆಗೆ ಎರಡು ಚರ್ಚು, ಶಾಲೆ, ಸೇಂಟ್ ಫ್ರಾನ್ಸಿಸ್ ಹೋಟೆಲು, ಒಟ್ಟು ಐದು ಕಟ್ಟಡ ಆ ತಾಣದಲ್ಲಿವೆ.

ಎಲ್ಲ ಸಿಕ್ಕಿದ ಮೇಲೆ ಒಂದು ಹಾಳೆಯಲ್ಲಿ ವರ್ಷ, ಸಂಖ್ಯೆ, ಗಡಿ, ಎಲ್ಲಿ ಸಿಕ್ಕಿತು ಅಂತ ನಾಲ್ಕು ಕಾಲಂ ಹಾಕಿ ತುಂಬಿ. ನಿಕೋಡೀಮಸ್ ಬಗ್ಗೆ ಓದುವಾಗ 1935ರಲ್ಲಿ 76, 1950ರಲ್ಲಿ 16 ಅನ್ನುವ ಸಂಖ್ಯೆಗಳು ಪದೇಪದೇ ಎದುರಾಗುತ್ತವೆ. 1935 ಜನಗಣತಿಯ ವರ್ಷವೇ ಅಲ್ಲ, ಹಾಗಾಗಿ 76ರ ಮುಂದೆ ಒಂದು ಪ್ರಶ್ನೆ ಗುರುತು ಹಾಕಿ. 16ರ ಬಗ್ಗೆ ಬೇರೆಯವರನ್ನು ನಂಬಬೇಕಾಗಿಯೇ ಇಲ್ಲ. 1950ರ ಹಾಳೆ ತೆರೆದಿದೆ, ನಿಕೋಡೀಮಸ್ ಟೌನ್‌ಶಿಪ್ ಪುಟ ತೆಗೆದು ಊರೊಳಗಿನ ಮನೆಗಳ ಹೆಸರು ಒಂದೊಂದೇ ಎಣಿಸಿ.

ಹೋಗಿ ನೋಡುವ ಮನಸ್ಸಿದ್ದರೆ ಜುಲೈ ಕೊನೆಯ ವಾರಾಂತ್ಯ ಹೋಗಿ. ಆಗ ಊರಿನ ಹೋಮ್‌ಕಮಿಂಗ್, ಬೇರೆ ಬೇರೆ ರಾಜ್ಯದಲ್ಲಿ ಇರುವ ಊರಿನ ವಂಶದವರು ನೂರಾರು ಜನ ಬರುತ್ತಾರೆ. ಇದು ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ 1834ರ ಆಗಸ್ಟ್ 1ರಂದು ಗುಲಾಮರಿಗೆ ಸಿಕ್ಕ ಬಿಡುಗಡೆಯ ನೆನಪಿನ ಹಬ್ಬದಿಂದ ಬೆಳೆದದ್ದು. ಬೇರೆ ದಿನ ಹೋಗುವುದಾದರೆ ಆ ಐತಿಹಾಸಿಕ ತಾಣ ನೋಡಿಕೊಳ್ಳುವ ಪಾರ್ಕ್ ಸರ್ವಿಸ್‌ನವರಿಗೆ ಫೋನ್ ಮಾಡಿ ತೆರೆದಿರುವ ಹೊತ್ತು ಕೇಳಿಕೊಳ್ಳಿ. ಪೆಟ್ರೋಲ್ ಮೊದಲೇ ಹಾಕಿಸಿಕೊಳ್ಳಿ. ಇನ್ನೊಂದು: ಗಣತಿಯ ಹಾಳೆಗಳ ಪ್ರಿಂಟ್ ತೆಗೆದುಕೊಂಡು ಹೋಗಿ, ಫೋನಿನಲ್ಲಿ ತೋರಿಸಬೇಡಿ, ಅಕ್ಷರ ಸಣ್ಣದು. ದೊಡ್ಡದಾಗಿ ಪ್ರಿಂಟ್ ಮಾಡಿಸಿ ಹಿರಿಯರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಅವರು ಯಾವ ಹೆಸರಿನ ಮೇಲೆ ಬೆರಳಿಡುತ್ತಾರೆ ಅಂತ ನೋಡಿ.